ಉಸಿರು ಬೇಡವೆಂದವರು

ಪ್ಲಾಟ್‌ಫಾರ್ಮ್ ಸಾರ್ ಮನುಷ್ಯರು ಹೌದೋ ಅಲ್ಲವೋ ಎಂಬ ಪ್ರಶ್ನೆ ಅವರಿಗೆ ಐವತ್ತು ದಾಟುವವರೆಗೆ ಯಾರ ತಲೆಯಲ್ಲೂ ಹುಟ್ಟಿರಲಿಲ್ಲ. ಎಲ್ಲರಿಗೂ ಖಚಿತವಾಗಿ ಗೊತ್ತಿತ್ತು ಎಂದಲ್ಲ. ಅವರ ಬಗ್ಗೆ ಯಾರೂ ಯಾವ ಪ್ರಶ್ನೆಯನ್ನೂ ಕೇಳಿಕೊಂಡಿರಲಿಲ್ಲ, ಅಷ್ಟೇ.

ಅವರು ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುತ್ತಿದ್ದವರು. ಅವರ ಮನೆಯಿದ್ದ ಕಟ್ಟಡದವರು ಪ್ಲಾಟ್‌ಫಾರ್ಮ್ ಸಾರ್ ಎಂದು ಹೆಸರಿಟ್ಟದ್ದು ಅದಕ್ಕೇ. ಯಾವ ರೈಲು ಎಲ್ಲಿಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಒಂದೇ ಎತ್ತರದ, ಒಂದೇ ಅಗಲದ ಧ್ವನಿಯಲ್ಲಿ ವರ್ಷಗಟ್ಟಲೆ ಹೇಳಿ ಹೇಳಿ, ಅವರ ಮಾತಿನಲ್ಲಿ ಏರಿಳಿತವೆಂಬುದೇ ಸವೆದುಹೋಗಿತ್ತು. "ಅಮ್ಮ ಹೊರಟುಹೋದಳು" ಎಂದು ತಂಗಿಗೆ ಫೋನಿನಲ್ಲಿ ತಿಳಿಸಿದಾಗ ಆಕೆ "ಎಲ್ಲಿಗೆ?" ಎಂದು ಕೇಳಿದ್ದಳಂತೆ.

ಒಂದು ದಿನ ನಿಲ್ದಾಣಕ್ಕೆ ತಾನೇ ಮಾತಾಡುವ ಯಂತ್ರ ಬಂತು. ಸಾರ್ ಅವರನ್ನು ಮರೆತ ಸಾಮಾನುಗಳ ಕೌಂಟರಿಗೆ ಹಾಕಿದರು. ಧ್ವನಿ ಬದಲಾಗಿದೆಯೆಂದು ಯಾರಾದರೂ ದೂರು ಕೊಡುತ್ತಾರೆಂದು ಅವರು ತಿಂಗಳುಗಟ್ಟಲೆ ಕಾದರು. ಒಬ್ಬ ಪ್ರಯಾಣಿಕರು ಮಾತ್ರ ಚೀಲ ಬಿಡಿಸಿಕೊಳ್ಳಲು ಬಂದವರು, "ಇತ್ತೀಚೆಗೆ ಅನೌನ್ಸ್‌ಮೆಂಟ್ ಸ್ವಲ್ಪ ಭಾವಪೂರ್ಣವಾಗಿದೆ, ಅಲ್ವಾ?" ಎಂದು ಹೇಳಿ ಹೋದರು.

ಆ ಕೌಂಟರಿಗೆ ಒಮ್ಮೆ ಒಬ್ಬ ಪ್ರಕಾಶಕಿ ಬಂದರು. ಮಕ್ಕಳ ಪುಸ್ತಕಗಳ ಸಣ್ಣ ಪ್ರಕಾಶನ ಅವರದು. ಚಿತ್ರಗಳ ಸುರುಳಿಯೊಂದನ್ನು ರೈಲಿನಲ್ಲಿ ಮರೆತಿದ್ದರು. ವಸ್ತುವನ್ನು ಹಿಂದಿರುಗಿಸುವ ಮೊದಲು ನಿಯಮಗಳನ್ನೆಲ್ಲ ಓದಿ ಹೇಳಬೇಕೆಂದು ನಿಯಮವಿತ್ತು. ಸಾಮಾನ್ಯವಾಗಿ ಜನ ಎರಡನೆಯ ನಿಯಮಕ್ಕೆ ಚೀಲ ಕಿತ್ತುಕೊಂಡು ಓಡುತ್ತಿದ್ದರು. ಪ್ರಕಾಶಕಿ ಕೊನೆಯ ನಿಯಮದವರೆಗೂ ನಿಂತು ಕೇಳಿದರು.

"ಸಾರ್, ಇಷ್ಟು ಗದ್ದಲದಲ್ಲೂ ಒಂದಕ್ಷರ ತಪ್ಪಿಹೋಗ್ಲಿಲ್ಲ ನೋಡಿ. ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಓದಿಕೊಡ್ತೀರಾ? ಪುಸ್ತಕದ ಜೊತೆ ಧ್ವನಿಯನ್ನೂ ಕೊಡ್ತೀವಿ ನಾವು."

"ಅದಕ್ಕೆಲ್ಲ ಈಗ ಯಂತ್ರ ಇದೆಯಲ್ಲ ಮೇಡಂ," ಎಂದರು ಸಾರ್. ಈ ವಿಷಯದಲ್ಲಿ ಅವರಿಗೆ ಸ್ವಂತ ಅನುಭವವಿತ್ತು.

"ಬೇರೆಯವರ ಹತ್ರ ಇದೆ. ಕಥೆ, ಚಿತ್ರ, ಧ್ವನಿ ಎಲ್ಲ ಬೆಳಿಗ್ಗೆ ಕೂತು ಮಧ್ಯಾಹ್ನದೊಳಗೆ ಮುಗಿಸ್ತಾರೆ. ನಮ್ಮಲ್ಲಿ ಬರೆಯೋರು ಒಬ್ರಿದ್ದಾರೆ, ಚಿತ್ರ ಬಿಡಿಸೋರು ಒಬ್ರಿದ್ದಾರೆ. ಮಗು ಕಾಗೆ ಅನ್ನೋ ಮಾತನ್ನ ಮೊದಲ ಸಲ ಕೇಳಿದ್ರೆ, ಕಾಗೆ ನೋಡಿದವರ ಬಾಯಿಂದ ಕೇಳ್ಲಿ ಅಂತ ನನ್ನ ಆಸೆ."

"ಕಾಗೆ ನೋಡಿದ್ದೀನಿ," ಎಂದರು ಸಾರ್, ಸಂದರ್ಶನಕ್ಕೆ ಬಂದವರ ಹಾಗೆ ನೆಟ್ಟಗೆ ನಿಂತು.

ಹೀಗೆ ನೇಮಕವಾಯಿತು. ಗೋಡೆಗೆಲ್ಲ ಕಂಬಳಿ ಹೊದೆಸಿದ ಒಂದು ಕೋಣೆಯಲ್ಲಿ ಕೂತು ಸಾರ್ ಪಾಠಗಳನ್ನು ಓದಿದರು. ರೆಕಾರ್ಡಿಂಗ್ ಮಾಡುವಾತ ಬಲು ಅಚ್ಚುಕಟ್ಟಿನ ಮನುಷ್ಯ. ಅವನ ಲೆಕ್ಕದಲ್ಲಿ ಉಸಿರು ಎಂಬುದು ಧ್ವನಿಯೊಳಗೆ ಬಿದ್ದ ಕಸ. ಸಾರ್ ಎಳೆದುಕೊಂಡ ಉಸಿರು, ನುಂಗಿದ ಎಂಜಲು, ಪುಟ ತಿರುಗಿಸಿದ ಸದ್ದು ಎಲ್ಲವನ್ನೂ ಅವನು ಕಂಪ್ಯೂಟರಿನಲ್ಲಿ ಕೂತು ಕತ್ತರಿಸಿ ಗುಡಿಸಿ ಹಾಕಿದ. ಉಳಿದದ್ದು ನಯವಾದ ಸಿಮೆಂಟು ರಸ್ತೆಯಂಥ ಒಂದು ಧ್ವನಿ. ಪುಸ್ತಕದ ಮೇಲೆ ಪ್ರಕಾಶಕಿ ದಪ್ಪಕ್ಷರದಲ್ಲಿ "ಮನುಷ್ಯರೇ ಬರೆದು, ಮನುಷ್ಯರೇ ಬಿಡಿಸಿ, ಮನುಷ್ಯರೇ ಓದಿದ್ದು" ಎಂದು ಹಾಕಿಸಿದರು. ಹಿಂಬದಿಯಲ್ಲಿ "ಪಾಠ ಓದಿದವರೊಂದಿಗೆ ಮಾತಾಡಬೇಕೆ? ಕರೆ ಮಾಡಿ" ಎಂದು ಸಾರ್ ಅವರ ನಂಬರು.

ಪುಸ್ತಕ ಶಾಲೆಗಳಿಗೆ ಹೋಯಿತು. ಸಾರ್ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಚ್ಚಲಿಗೂ ಒಯ್ಯತೊಡಗಿದರು. ಒಂದು ಕರೆಯೂ ಬರಲಿಲ್ಲ. ಕೊನೆಗೊಂದು ಭಾನುವಾರ ಫೋನು ಬಡಿದುಕೊಂಡಾಗ ಸಾರ್ ಎಷ್ಟು ಹಿಗ್ಗಿದರೆಂದರೆ, ಸ್ವಲ್ಪ ಜಂಬ ಕೊಚ್ಚದೆ ಇರಲಾಗಲಿಲ್ಲ. ಈ ಇಡೀ ಅವಾಂತರಕ್ಕೆ ಕಾರಣವಾದದ್ದು ಆ ಜಂಬವೇ.

ಆ ಕಡೆ ಇದ್ದವರು ಪೋಷಕರ ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು. "ಪಾಠ ಓದಿದ್ದು ನೀವೇನಾ? ನನ್ನ ಮಗಳ ಜೊತೆ ನಾನೂ ಕೇಳಿದೆ. ಎಲ್ಲೂ ಉಸಿರೇ ತಗೊಂಡಿಲ್ವಲ್ಲ!"

ರೆಕಾರ್ಡಿಂಗಿನವನ ಕತ್ತರಿಯ ಕೆಲಸ ಸಾರ್ ಅವರಿಗೆ ಗೊತ್ತಿರಲಿಲ್ಲ. ಇದು ತಮ್ಮ ಸಾಧನೆಯೇ ಇರಬೇಕೆಂದುಕೊಂಡರು. "ನನಗೆ ಉಸಿರು ಬೇಕಾಗಲ್ಲ," ಎಂದರು ಗಂಭೀರವಾಗಿ.

"ಬೇಕಾಗಲ್ವಾ?"

"ಉಸಿರು, ನೀರು, ವಿಶ್ರಾಂತಿ ಯಾವುದೂ ಬೇಕಾಗಲ್ಲ. ಎಲ್ಲ ಅಭ್ಯಾಸ."

"ತಪ್ಪು ಓದೋದು?"

"ಇದುವರೆಗೆ ಆಗಿಲ್ಲ."

ಡಾಕ್ಟರರ ಧ್ವನಿ ಇಳಿಯಿತು. "ಎಷ್ಟು ಹೊತ್ತು ಓದಬಲ್ಲಿರಿ?"

"ನೀವು ನಿಲ್ಲಿಸು ಅನ್ನೋವರೆಗೂ."

"ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಓದೋ ಕೆಲಸ ಇಲ್ಲದಾಗ ಏನ್ಮಾಡ್ತಿರ್ತೀರಿ?"

ಸಾರ್ ಪ್ರಾಮಾಣಿಕವಾಗಿ ಯೋಚಿಸಿದರು. "ಏನೂ ಇಲ್ಲ. ಯಾರಾದ್ರೂ ಕರೀಲಿ ಅಂತ ಕಾಯ್ತಿರ್ತೀನಿ. ಕರೆದ್ರೆ ಮಾತಾಡ್ತೀನಿ."

ಡಾಕ್ಟರು ಫೋನಿಟ್ಟರು. ಸಂಜೆಯೊಳಗೆ ಸಂಘದವರಿಗೆಲ್ಲ ಸುದ್ದಿ ಮುಟ್ಟಿತು: "ನಾನೇ ಅದರ ಜೊತೆ ಮಾತಾಡಿದೆ. ಎಲ್ಲ ಒಪ್ಕೊಂಡುಬಿಡ್ತು!"

ಮನುಷ್ಯರದೆಂದು ಹೇಳಿ ಯಂತ್ರದ ಪಾಠ ಮಾರಿದ್ದಾರೆ, ಪುಸ್ತಕಗಳನ್ನೆಲ್ಲ ವಾಪಸು ಮಾಡಬೇಕು ಎಂದು ಪೋಷಕರು ಕೂಗೆಬ್ಬಿಸಿದರು. ಪ್ರಕಾಶಕಿ ತಲೆ ಮೇಲೆ ಕೈ ಹೊತ್ತು ಕೂತರು. ಪುಸ್ತಕಗಳು ವಾಪಸು ಬಂದರೆ ಪ್ರಕಾಶನದ ಬಾಗಿಲು ಮುಚ್ಚುವುದೊಂದೇ ದಾರಿ. ಬರೆಯುವವರು, ಬಿಡಿಸುವವರು ಎಲ್ಲರೂ ಮನೆಗೆ. ಕೊನೆಗೆ ಪಠ್ಯ ಪರಿಶೀಲನಾಧಿಕಾರಿಗಳು ಖುದ್ದಾಗಿ ತನಿಖೆಗೆ ಹೊರಟರು.

ಅಧಿಕಾರಿಗಳು ಬರುತ್ತಾರೆಂದು ತಿಳಿದಾಗ ಸಾರ್ ಅವರಿಗೆ ಭಯಕ್ಕಿಂತ ಸಂಭ್ರಮವೇ ಹೆಚ್ಚಾಯಿತು. ಮನೆಗೆ ಯಾರಾದರೂ ಬಂದು ಎಷ್ಟೋ ಕಾಲವಾಗಿತ್ತು. ನೆಲ ಒರೆಸಿದರು, ಬಿಸ್ಕತ್ತು ತಂದರು, ಕುರ್ಚಿಯನ್ನು ನಾಲ್ಕು ಕಡೆ ಇಟ್ಟು ನೋಡಿ ಮತ್ತೆ ಮೊದಲಿದ್ದಲ್ಲೇ ಇಟ್ಟರು. ಇದ್ದ ಒಂದೇ ಕಪ್ಪಿನಲ್ಲಿ ಅಧಿಕಾರಿಗೆ ಟೀ ಕೊಟ್ಟು, ತಾವು ಕೆಮ್ಮಿನ ಔಷಧದ ಅಳತೆ ಲೋಟದಲ್ಲಿ ಕುಡಿದರು.

ಅಧಿಕಾರಿ ಗಂಟಲು ಸರಿಮಾಡಿಕೊಂಡರು. "ಪುಸ್ತಕದಲ್ಲಿ ಪುಟ ಇದೆಯಾ, ಹೊಲಿಗೆ ಗಟ್ಟಿ ಇದೆಯಾ ಅಂತ ಇಷ್ಟು ವರ್ಷ ನೋಡಿದ್ದೀನಿ. ಮನುಷ್ಯರು ಇದ್ದಾರಾ ಅಂತ ನೋಡ್ತಿರೋದು ಇದೇ ಮೊದಲು. ತಪ್ಪು ತಿಳ್ಕೋಬೇಡಿ. ನೀವು ಮನುಷ್ಯರೇನಾ?"

"ಹೌದು ಸಾರ್."

"ಹೌದು ಅಂತ ಯಾರು ಬೇಕಾದ್ರೂ ಹೇಳಬಹುದು. ಸ್ವಲ್ಪ ಕೋಪ ಮಾಡ್ಕೊಂಡು ಹೇಳಿ ನೋಡೋಣ."

"ಹೌದು ಸಾರ್," ಎಂದರು ಪ್ಲಾಟ್‌ಫಾರ್ಮ್ ಸಾರ್, ತಮಗೆ ಸಾಧ್ಯವಿದ್ದ ಕೋಪವನ್ನೆಲ್ಲ ಸೇರಿಸಿ. ಎರಡೂ ಹೌದುಗಳ ನಡುವೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅಧಿಕಾರಿ ಟೀ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು.

"ನಿಮ್ಮವರು ಯಾರಾದ್ರೂ ಹೇಳ್ಲಿ."

ತಂಗಿಗೆ ಫೋನು ಹೋಯಿತು. ವಿಷಯ ಕೇಳಿ ಆಕೆ, "ಅಯ್ಯೋ, ಅಣ್ಣ ಮನುಷ್ಯನೇ ಸಾರ್. ಅವನ ಜೊತೆ ಮಾತಾಡೋದು ಕಷ್ಟ ಅಷ್ಟೇ. ಹುಟ್ಟುಹಬ್ಬದ ದಿನ ಶುಭಾಶಯ ಹೇಳಿದ್ರೂ ರೈಲು ತಪ್ಪಿಹೋಯ್ತೇನೋ ಅನ್ಸುತ್ತೆ," ಎಂದಳು.

"ನೀವು ಇವರನ್ನ ಮುಖಾಮುಖಿ ನೋಡಿದ್ದು ಯಾವಾಗ?"

"ಅಮ್ಮ ತೀರ್ಕೊಂಡಾಗ. ಆರು ವರ್ಷ ಆಯ್ತೇನೋ. ಅಣ್ಣಾ, ಕೇಳಿಸ್ಕೊಳ್ತಿದ್ದೀಯಾ? ಈ ರಜೆಗೆ ಖಂಡಿತ ಬರ್ತೀವಿ."

"ಸರಿ," ಎಂದರು ಸಾರ್.

ಅಧಿಕಾರಿ ಮೆಟ್ಟಿಲಿಳಿದು ಇಸ್ತ್ರಿ ಅಂಗಡಿಯಾಕೆಯನ್ನು ಕೇಳಿದರು. ಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದೆತ್ತಿ ಆಕೆ ಧ್ವನಿ ತಗ್ಗಿಸಿದಳು. "ಒಳ್ಳೇವ್ರು ಸಾರ್, ಸುಳ್ಳು ಹೇಳಬಾರ್ದು. ಆದ್ರೆ ಇಸ್ತ್ರಿ ಮಾಡಿಕೊಟ್ಟ ಶರ್ಟನ್ನೇ ಮಾರನೇ ದಿನ ಮತ್ತೆ ಇಸ್ತ್ರಿಗೆ ತರ್ತಾರೆ. ಹಾಕ್ಕೊಂಡೇ ಇರಲ್ಲ! ತಂದು ಇಲ್ಲೇ ನಿಂತಿರ್ತಾರೆ. ಮನುಷ್ಯರು ಮಾಡೋ ಕೆಲ್ಸನಾ ಇದು?"

ಸಾರ್ ಅವರ ಎದುರು ಬಾಗಿಲಿನವರು ಕನ್ನಡಕದ ಅಂಗಡಿ ಇಟ್ಟಿದ್ದು, ಈಗ ಅದನ್ನು ಮಾರಿ ಮನೆಯಲ್ಲಿದ್ದವರು. ಊರಿನ ಅರ್ಧ ಜನರ ಕಣ್ಣು ಪರೀಕ್ಷೆ ಮಾಡಿದವರು. ಅಧಿಕಾರಿ ಮತ್ತೆ ಮೇಲೆ ಬಂದು ತಟ್ಟಿದಾಗ ಅವರು ಬಾಗಿಲನ್ನು ಒಂದು ಗೇಣು ಮಾತ್ರ ತೆರೆದರು.

"ಹನ್ನೊಂದು ವರ್ಷದಿಂದ ಎದುರುಬದುರು ಇದ್ದೀವಿ ಸಾರ್."

"ಹಾಗಾದ್ರೆ ಚೆನ್ನಾಗಿ ಗೊತ್ತಿರಬೇಕು!"

"ಬಾಗಿಲ ತೂತಿನಲ್ಲಿ ನೋಡಿದ್ದೀನಿ. ಎದುರಿಗೆ ಸಿಕ್ಕಿದ್ರೆ 'ನಮಸ್ಕಾರ, ಮೆಟ್ಟಿಲು ಒದ್ದೆ ಇದೆ, ಹುಷಾರು' ಅಂತಾರೆ. ಬೇಸಿಗೆಯಲ್ಲೂ ಅದೇ ಮಾತು."

"ನೀವೇನಂತೀರಿ?"

"ನಾನು ಹುಷಾರಾಗಿ ಇಳೀತೀನಿ."

"ಮನುಷ್ಯರು ಅಂತ ಸಾಕ್ಷಿ ಹೇಳ್ತೀರಾ?"

ಕನ್ನಡಕದವರು ಮೂಗಿನ ಮೇಲಿದ್ದ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಎದುರು ಬಾಗಿಲಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದ ಸಾರ್ ಅವರನ್ನು ನೋಡಿದರು. "ದೂರದಿಂದ ಹಾಗೇ ಕಾಣ್ತಾರೆ. ಅದಕ್ಕಿಂತ ಹೆಚ್ಚು ಹೇಳೋಕೆ ನನಗೆ ಅಷ್ಟು ಪರಿಚಯ ಇಲ್ಲ," ಎಂದು ಬಾಗಿಲು ಹಾಕಿಕೊಂಡರು.

ಅಧಿಕಾರಿ ತಲೆ ಕೆರೆದುಕೊಂಡರು. ಸಾಕ್ಷಿಗಳೆಲ್ಲ ಹೀಗಾದ ಮೇಲೆ ಉಳಿದದ್ದು ಒಂದೇ ದಾರಿ: ಶಾಲೆಯ ಸಭಾಂಗಣದಲ್ಲಿ, ಪೋಷಕರ ಎದುರೇ ಪರೀಕ್ಷೆ. ಅವರು ಹೊರಡಲು ತಿರುಗಿದಾಗ ಸಾರ್, "ಇನ್ನೂ ಏನಾದ್ರೂ ಕೇಳೋದಿದ್ರೆ ಕೇಳಿ. ನಾಳೆನೂ ಬರಬಹುದು," ಎಂದರು. ಅಧಿಕಾರಿ ಮೆಟ್ಟಿಲನ್ನು ಎರಡೆರಡಾಗಿ ಇಳಿದರು.

ಆ ಶನಿವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಎರಡನೇ ತರಗತಿಯ ಮಕ್ಕಳು, ಹಿಂದೆ ಪೋಷಕರು. ಹಿಂದಿನ ಸಾಲಿನ ಒಂದು ಮೂಲೆಯಲ್ಲಿ ಕನ್ನಡಕದವರೂ ಇದ್ದರು. ಸಾಕ್ಷಿದಾರರಾದ್ದರಿಂದ ಅವರನ್ನೂ ಕರೆಸಿದ್ದರು. ವೇದಿಕೆಯ ಮೇಲೆ ಪ್ಲಾಟ್‌ಫಾರ್ಮ್ ಸಾರ್, ಎರಡೆರಡು ಸಲ ಇಸ್ತ್ರಿಯಾದ ಶರ್ಟು ತೊಟ್ಟು.

ಮೊದಲು ಚಿತ್ರಗಳ ಪರಿಶೀಲನೆಯಾಯಿತು. ಡಾಕ್ಟರು ಪುಸ್ತಕವನ್ನು ಎತ್ತಿ ತೋರಿಸಿ, "ಚಿತ್ರದ ಬಗ್ಗೆ ನಮ್ಮ ತಕರಾರಿಲ್ಲ. ಕಾಗೆ ಸೊಟ್ಟಗಿದೆ. ಖಂಡಿತ ಮನುಷ್ಯರದ್ದೇ," ಎಂದರು. ಮುಂದೆ ಕೂತಿದ್ದ ಚಿತ್ರಕಾರರ ಮುಖ ಕಾಗೆಗಿಂತ ಸೊಟ್ಟಗಾಯಿತು.

ಸಾರ್ ಕರಡಿಯ ಪಾಠ ಓದಿದರು. ಒಂದಕ್ಷರ ತಪ್ಪಲಿಲ್ಲ. ಜನರಲ್ಲಿ ಗುಜುಗುಜು ಎದ್ದಿತು.

"ಒಳಗಡೆ ಟೇಪ್ ಹಾಕಿದ್ದಾರೆ, ಇವರು ಬಾಯಿ ಆಡಿಸ್ತಿದ್ದಾರೆ ಅಷ್ಟೇ!"

"ಮೈಕ್ ತೆಗೀರಿ!"

ಮೈಕು ತೆಗೆದರು. ಧ್ವನಿ ಚೂರೂ ಕದಲಲಿಲ್ಲ. ಡಾಕ್ಟರು ವೇದಿಕೆಗೆ ಬಂದು ಸಾರ್ ಅವರ ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿದರು. "ಹಲ್ಲು ಮನುಷ್ಯರದೇ. ಎರಡು ಹುಳುಕು ಇದೆ," ಎಂದು ಪ್ರಕಟಿಸಿದರು. "ಆದ್ರೆ ಪುಸ್ತಕದ ಜೊತೆ ಬಂದ ಧ್ವನಿ ಇವರದೇ ಅಂತ ಇದರಿಂದ ಗೊತ್ತಾಗಲ್ಲ. ಇವರ ಹಾಗೆ ಮಾತಾಡೋಕೆ ಯಂತ್ರಕ್ಕೇ ಕಲಿಸಿರಬಹುದಲ್ಲ?"

ಪ್ರಕಾಶಕಿ ಎದ್ದು ನಿಂತರು. "ನೋಡಿ, ಸುಳ್ಳು ಹೇಳೋದಿದ್ರೆ ನಾನು ಇವರನ್ನ ಯಾಕೆ ಹುಡುಕ್ತಿದ್ದೆ? ಯಂತ್ರಕ್ಕೆ ಹೇಳಿದ್ರೆ ಇವರಿಗಿಂತ ಸಾವಿರ ಪಾಲು ಚೆನ್ನಾಗಿ ಓದ್ತಿತ್ತು. ಬೇಕಾದ ಕಡೆ ನಗ್ತಿತ್ತು, ಬೇಕಾದ ಕಡೆ ಅಳ್ತಿತ್ತು. ನಿಮ್ಮ ಮಗುಗೋಸ್ಕರ ಒಬ್ರು ಕೂತು ಓದಿದ್ದಾರೆ ಅನ್ನೋದು ಬೇಕಿತ್ತು ನನಗೆ. ಅಷ್ಟೇ."

ಮಾತು ಚೆನ್ನಾಗಿತ್ತು. ಪುರಾವೆ ಇರಲಿಲ್ಲ. ಆಗ ಹಿಂದಿನ ಸಾಲಿನಿಂದ ರೆಕಾರ್ಡಿಂಗಿನವನು ಕೈಯೆತ್ತಿದ. "ಮೇಡಂ, ಕತ್ತರಿಸಿದ್ದೆಲ್ಲ ನನ್ನ ಹತ್ರಾನೇ ಇದೆ. ಗುಡಿಸದೆ ಇರೋದು. ಹಾಕ್ಲಾ?"

"ಕತ್ತರಿಸಿದ್ದಾ?" ಎಂದರು ಸಾರ್. ಆಮೇಲೆ ಏನು ಬರಲಿದೆಯೆಂಬುದು ಅವರಿಗೆ ಹೊಳೆಯಿತು. "ಬೇಡ, ಅದು ಪಾಠದ್ದಲ್ಲ," ಎಂದರು. ಆದರೆ ಬೇಡ ಎಂದದ್ದೂ ಅವರ ಎಂದಿನ ಧ್ವನಿಯಲ್ಲೇ ಇದ್ದುದರಿಂದ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಭಾಂಗಣದ ಸ್ಪೀಕರಿನಲ್ಲಿ ಸಾರ್ ಅವರ ಧ್ವನಿ ಮೊಳಗಿತು. "ಕರಡಿ ತನ್ನ ಮನೆಗೆ ಹೋಯಿತು. ಪಾಠ ಮುಗಿಯಿತು." ಉಸ್ಸೆಂದು ಉದ್ದನೆಯ ಉಸಿರು. ಕುರ್ಚಿ ಕಿರುಗುಟ್ಟಿತು.

"ಸರಿ ಬಂತಾ?"

"ಚೆನ್ನಾಗಿ ಬಂತು ಸಾರ್." ಇದು ರೆಕಾರ್ಡಿಂಗಿನವನ ಧ್ವನಿ.

"ಇನ್ನೊಂದ್ಸಲ ಓದ್ಲಾ? ನನಗೇನೂ ಅವಸರ ಇಲ್ಲ."

"ಬೇಡ ಸಾರ್."

"ಕರಡಿ ಅನ್ನುವಾಗ ಸ್ವಲ್ಪ ಜಾಸ್ತಿ ಕರಡಿ ಆಯ್ತೇನೋ."

"ಇಲ್ಲ ಸಾರ್."

"ಊಟ ಆಯ್ತಾ ನಿಮ್ಮದು?"

"ಆಯ್ತು ಸಾರ್."

"ಗೋಡೆಗೆ ಕಂಬಳಿ ಯಾಕೆ ಹಾಕಿದ್ದೀರಿ?"

"ನಿನ್ನೆನೂ ಹೇಳಿದ್ನಲ್ಲ ಸಾರ್. ಹೊರಗಿನ ಸದ್ದು ಬರಬಾರ್ದು ಅಂತ."

"ಹೌದೌದು. ಒಳ್ಳೇ ವ್ಯವಸ್ಥೆ." ಕುರ್ಚಿ ಮತ್ತೆ ಕಿರುಗುಟ್ಟಿತು. "ಹಾಗಾದ್ರೆ ಹೊರಡ್ಲಾ?"

"ಹೂಂ ಸಾರ್."

ಬಾಗಿಲು ತೆರೆದು ಮುಚ್ಚಿದ ಸದ್ದು. ಮತ್ತೆ ತೆರೆದ ಸದ್ದು. "ನನ್ನ ಛತ್ರಿ ಇಲ್ಲೇ ಬಿಟ್ಟೆನಾ?"

"ನಿಮ್ಮ ಕೈಯಲ್ಲೇ ಇದೆ ಸಾರ್."

ಸಭಾಂಗಣ ಗೊಳ್ಳೆಂದು ನಕ್ಕಿತು. ಪಾಠದ ಮೇಲೆ ಪಾಠ, ಪ್ರತಿ ಪಾಠದ ಕೊನೆಗೂ ಇದೇ ಕಥೆ. ಒಂದು ಸಲ ಛತ್ರಿ, ಒಂದು ಸಲ ಕನ್ನಡಕ, ಇನ್ನೊಂದು ಸಲ ಏನು ಬಿಟ್ಟೆನೆಂಬುದೇ ಮರೆತುಹೋಗಿದೆಯೆಂದು ವಾಪಸು ಬಂದಿದ್ದರು. ವೇದಿಕೆಯ ಮೇಲೆ ಸಾರ್ ಕೂತೇ ಇದ್ದರು. ಕಿವಿ ಎರಡೂ ಕೆಂಪಗಾಗಿದ್ದವು. ಮೊದಮೊದಲು ಜೋರಾಗಿದ್ದ ನಗು ನಾಲ್ಕನೆಯ ಪಾಠದ ಹೊತ್ತಿಗೆ ತೆಳ್ಳಗಾಯಿತು. ಐದನೆಯದಕ್ಕೆ ದೊಡ್ಡವರ್‍ಯಾರೂ ನಗುತ್ತಿರಲಿಲ್ಲ. ಕೆಲವರು ತಮ್ಮ ಫೋನು ತೆಗೆದು ಸುಮ್ಮನೆ ನೋಡತೊಡಗಿದರು.

ಆಗ ಇನ್ನೊಂದು ತುಣುಕು ಬಂತು. ರೆಕಾರ್ಡಿಂಗಿನವನು ಹೊರಗೆ ಹೋದಾಗ ಮೈಕು ಆರಿಸಲು ಮರೆತದ್ದು. ಮೊದಲು ಬಾಗಿಲು ಮುಚ್ಚಿದ ಸದ್ದು. ಆಮೇಲೆ ಸಾರ್ ಅವರ ಧ್ವನಿ, ಬಹಳ ಮೆಲ್ಲಗೆ: "ಗುರ್."

ಮಕ್ಕಳು ತಲೆಯೆತ್ತಿದರು.

"ಗುರ್ರ್." ಇನ್ನೂ ಸ್ವಲ್ಪ ಧೈರ್ಯವಾಗಿ, "ಗುರ್ರ್ರ್! ನಾನು ಕರಡಿ!" ಹಿಂದೆಯೇ ಒಂದು ಕಿಸಕ್ಕನೆ ನಗು. ಆ ನಗು ಯಾರದೆಂದು ಎಲ್ಲರೂ ತಿರುಗಿ ನೋಡುವ ಹಾಗಿತ್ತು. ಆಮೇಲೆ, "ಅಮ್ಮ ಇದ್ದಿದ್ರೆ ಬೈತಿದ್ಲು," ಎಂದು ತಮಗೆ ತಾವೇ ಹೇಳಿಕೊಂಡದ್ದು. ಬಾಗಿಲ ಸದ್ದು. ತಟ್ಟನೆ ಮತ್ತೆ ಎಂದಿನ ಧ್ವನಿ: "ಮುಂದಿನ ಪಾಠ ಶುರು ಮಾಡೋಣವೇ?"

"ಇನ್ನೊಂದ್ಸಲ! ಗುರ್ ಇನ್ನೊಂದ್ಸಲ!" ಮಕ್ಕಳು ಬೆಂಚಿನ ಮೇಲೆ ಕುಣಿದರು.

ಡಾಕ್ಟರು ಕೈಯೆತ್ತಿ ಗದ್ದಲ ನಿಲ್ಲಿಸಿದರು. "ಸಾಕು. ಯಂತ್ರ ಆಗಿದ್ರೆ ಕೆಲಸ ಮುಗಿದ ತಕ್ಷಣ ಸುಮ್ಮನಾಗ್ತಿತ್ತು. ಮುಗಿದ ಮೇಲೂ ಇಷ್ಟು ಹೊತ್ತು ಎದ್ದು ಹೋಗದೆ ಇರೋದು ಮನುಷ್ಯರೇ. ನನಗೆ ಯಾವ ಅನುಮಾನವೂ ಇಲ್ಲ."

ಅಧಿಕಾರಿಗಳು ಅದನ್ನೇ ತೀರ್ಪೆಂದು ಸಾರಿದರು. ಪುಸ್ತಕಗಳು ಶಾಲೆಗಳಲ್ಲೇ ಉಳಿದವು. ಇನ್ನು ಮುಂದೆ ಒಂದು ಉಸಿರನ್ನೂ ಕತ್ತರಿಸಕೂಡದು, ಗುರ್ ಎಂಬುದನ್ನು ಪಾಠದೊಳಗೇ ಸೇರಿಸಬೇಕು ಎಂದು ಪ್ರಕಾಶಕಿ ರೆಕಾರ್ಡಿಂಗಿನವನಿಗೆ ಅಪ್ಪಣೆ ಮಾಡಿದರು. ಕಸ ಗುಡಿಸದ ಮನೆಗೆ ಹೆಣ್ಣು ಕೊಟ್ಟವನಂತೆ ಅವನು ಮುಖ ಮಾಡಿದ.

ಸಾರ್ ಗೆದ್ದರು. ಎಲ್ಲರೂ ಬಂದು ಕೈಕುಲುಕಿದರು. "ನೀವು ಮನುಷ್ಯರಂತೆ, ಬಹಳ ಸಂತೋಷ," ಎಂದು ಒಬ್ಬರು ಅಭಿನಂದಿಸಿದರು. ಆದರೆ ಸಾರ್ "ಊಟ ಆಯ್ತಾ?" ಎಂದು ಬಾಯಿ ತೆರೆಯುತ್ತಲೇ ಅವರಿಗೆಲ್ಲ ಏನೋ ತುರ್ತು ಕೆಲಸ ನೆನಪಾಯಿತು. ಇವರ ಕೈಗೆ ಸಿಕ್ಕರೆ ಬಿಡಿಸಿಕೊಂಡು ಹೋಗುವುದು ಸುಲಭವಲ್ಲವೆಂದು ಈಗಷ್ಟೇ ಕಿವಿಯಾರೆ ಕೇಳಿದ್ದರಲ್ಲ. ಡಾಕ್ಟರು ಹುಳುಕು ಹಲ್ಲುಗಳಿಗೆ ಬಂದು ತೋರಿಸಿ ಎಂದರು, ಯಾವಾಗ ಎಂದು ಹೇಳಲಿಲ್ಲ. ಕ್ಷಣಾರ್ಧದಲ್ಲಿ ಸಭಾಂಗಣ ಖಾಲಿಯಾಗಿ, ಕುರ್ಚಿ ಜೋಡಿಸುವವನು ಮಾತ್ರ ಉಳಿದ. ಸಾರ್ ಅವನ ಜೊತೆ ಕುರ್ಚಿಗಳನ್ನೆಲ್ಲ ಜೋಡಿಸಿಕೊಟ್ಟು ಮನೆಗೆ ನಡೆದರು.

ಮಾರನೆಯ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಸಾರ್ ತೆರೆದರೆ ಎದುರಿಗೆ ಕನ್ನಡಕದವರು ನಿಂತಿದ್ದರು.

"ನಮಸ್ಕಾರ, ಮೆಟ್ಟಿಲು..." ಎಂದು ಶುರುಮಾಡಿದ ಸಾರ್, ಇವರು ಮೆಟ್ಟಿಲನ್ನೇ ಹತ್ತಿ ಬಂದಿಲ್ಲವೆಂದು ನೆನಪಾಗಿ ನಿಲ್ಲಿಸಿದರು.

"ಒಳಗೆ ಬರಬಹುದಾ?" ಎಂದರು ಕನ್ನಡಕದವರು. ಕುರ್ಚಿಯ ತುದಿಯಲ್ಲಿ ಕೂತು, ಮಂಡಿ ಉಜ್ಜಿಕೊಂಡು, ಬಹಳ ಕಷ್ಟಪಟ್ಟು ಹೇಳಿದರು: "ನಿನ್ನೆಯಿಂದ ಒಂದು ವಿಷಯ ಕೊರೀತಿದೆ. ನಾಳೆ ಆ ಅಧಿಕಾರಿ ಬಂದು ನನ್ನ ಬಗ್ಗೆ ಕೇಳಿದ್ರೆ ಹೇಳೋರು ಯಾರು? ನನ್ನ ಹೆಂಡತಿ ಹೋದ ಮೇಲೆ... ಇರ್ಲಿ ಬಿಡಿ. ಯೋಚನೆ ಮಾಡಿದ್ರೆ ನೀವೊಬ್ರೇ ಕಾಣ್ತೀರಿ. ಅದಕ್ಕೆ ಸ್ವಲ್ಪ ಪರಿಚಯ ಮಾಡ್ಕೊಂಡು ಹೋಗೋಣ ಅಂತ ಬಂದೆ."

"ಒಳ್ಳೇದಾಯ್ತು," ಎಂದರು ಸಾರ್.

"ಹೂಂ," ಎಂದರು ಕನ್ನಡಕದವರು.

ಅಲ್ಲಿಗೆ ಇಬ್ಬರ ಮಾತೂ ಮುಗಿಯಿತು. ಹನ್ನೊಂದು ವರ್ಷ ಆಡದೆ ಬಿಟ್ಟ ಮಾತನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಇಬ್ಬರಿಗೂ ತೋಚಲಿಲ್ಲ. ಸಾರ್ ಫ್ಯಾನು ಹಾಕಿದರು. ಕನ್ನಡಕದವರು ಚಳಿ ಎಂದರು. ಸಾರ್ ಫ್ಯಾನು ಆರಿಸಿದರು. ಕನ್ನಡಕದವರು ಬಾಗಿಲ ಕಡೆ ನೋಡಿದರು. ಸಾರ್ ಅದನ್ನು ನೋಡಿದರು.

"ಏನಾದ್ರೂ ಓದ್ಲಾ?" ಎಂದರು ಗಾಬರಿಯಲ್ಲಿ.

"ಓದಿ. ಹಿಂದಿನ ಸಾಲಿನಲ್ಲಿ ನನಗೆ ಸರಿಯಾಗಿ ಕೇಳಿಸ್ಲೇ ಇಲ್ಲ."

ಸಾರ್ ಮಕ್ಕಳ ಪುಸ್ತಕ ತೆಗೆದು ಮೊದಲ ಪಾಠ ಶುರುಮಾಡಿದರು. ಒಂದು ಪುಟ ಕಳೆಯುವಷ್ಟರಲ್ಲಿ ಕನ್ನಡಕದವರು ಕುರ್ಚಿಗೆ ಬೆನ್ನು ಕೊಟ್ಟರು. ಎರಡನೆಯ ಪುಟಕ್ಕೆ ಕನ್ನಡಕ ಮೂಗಿನ ತುದಿಗೆ ಜಾರಿತು. ಮೂರನೆಯದಕ್ಕೆ ಗೊರಕೆ ಕೇಳಿಸಿತು. ಅಂಥ ಧ್ವನಿಗೆ ನಿದ್ದೆ ಬರದಿದ್ದರೇ ಆಶ್ಚರ್ಯ.

ಸಾರ್ ಓದುವುದನ್ನು ನಿಲ್ಲಿಸಿದರು. ಧ್ವನಿ ನಿಂತೊಡನೆ ಕನ್ನಡಕದವರ ರೆಪ್ಪೆ ಅಲುಗಿತು. ಎದ್ದರೆಂದರೆ ಹೊತ್ತಾಯಿತೆಂದು ಹೊರಟೇಬಿಡುತ್ತಾರೆ. ಸಾರ್ ತಕ್ಷಣ ಮುಂದಿನ ಪಾಠಕ್ಕೆ ಹೋದರು, ಅಲ್ಲಿಂದ ಅದರ ಮುಂದಿನದಕ್ಕೆ. ಹೊರಗೆ ಕತ್ತಲಾಯಿತು. ಎದ್ದು ದೀಪ ಹಾಕಿದರೆ ಎಲ್ಲಿ ಎಚ್ಚರವಾಗುತ್ತದೋ ಎಂದು ಪುಸ್ತಕವನ್ನು ಕಿಟಕಿಯ ಕಡೆ ತಿರುಗಿಸಿ, ಬೀದಿಯ ಬೆಳಕಿನಲ್ಲಿ, ಒಂದಕ್ಷರವನ್ನೂ ಎತ್ತದೆ, ಇಳಿಸದೆ, ಅವರು ಓದುತ್ತಲೇ ಇದ್ದರು.